ಬೆನಿಲ್ಡಾ ಒಲೆ ಬದಲಿಸಿದ ವರ್ಷ

ಬೆನಿಲ್ಡಾ ಕಬಾಕುಂಗನ್ ಬಹಳ ಕಡಿಮೆ ಮಾತಿನ ಹೆಂಗಸು. ರಬನಾಲ್ ಬೇಕರಿಗೆ ದಿನವೂ ಹೋಗುತ್ತಿದ್ದವರಲ್ಲಿ ಅರ್ಧ ಜನ ಅವಳ ದನಿಯನ್ನೇ ಕೇಳಿರಲಿಲ್ಲ. ಅವಳ ಬೆನ್ನು ಮಾತ್ರ ಎಲ್ಲರಿಗೂ ಪರಿಚಿತ. ಗಲ್ಲಾದ ಹಿಂದಿನ ಅಗಲವಾದ ಬಾಗಿಲಿನಲ್ಲಿ ಕಣ್ಣು ಹಾಯಿಸಿದರೆ, ತಲೆಗೆ ಬಿಳಿಯ ಬಟ್ಟೆ ಕಟ್ಟಿಕೊಂಡು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಒಲೆಗೆ ಮುಖಮಾಡಿ ನಿಂತ ಗಿಡ್ಡ ಹೆಂಗಸೊಬ್ಬಳು ಕಾಣುತ್ತಿದ್ದಳು. ಬೆಳಗಿನ ಕಾಫಿಗೆ ಅದ್ದಿ ತಿನ್ನುವ ನಮ್ಮ ಸಣ್ಣ ಬನ್ನಿಗೆ ಪಾಂಡೆಸಾಲ್ ಎನ್ನುತ್ತೇವೆ. ಅವಳು ಮಾಡಿದ ಪಾಂಡೆಸಾಲ್ ಬಿಸಿಬಿಸಿಯಾಗಿ ಕಾಗದದ ಚೀಲಕ್ಕೆ ಬಿದ್ದ ಪರಿಮಳಕ್ಕೆ ಸಮುದ್ರದಾಚೆಯ ದ್ವೀಪದೇಶದಿಂದ ಬಂದು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ನಿನಲ್ಲಿ ನೆಲೆಸಿದ ನಾವು ಇಲೊಕಾನೊ ಭಾಷೆಯ ಮುದುಕ ಮುದುಕಿಯರು ಒಂದು ಗಳಿಗೆ ಸಮುದ್ರ ದಾಟಿ ನಮ್ಮ ನಮ್ಮ ಊರುಗಳಿಗೆ ಹೋಗಿ ಬರುತ್ತಿದ್ದೆವು.

ಅವಳ ಊರು ಬಕಾರಾ. ನನ್ನ ತವರಿಗೆ ಪಕ್ಕದ್ದೇ. ಹದಿನಾರು ವರ್ಷದವಳಿದ್ದಾಗ ಅಲ್ಲಿಯ ಸಂತೆಬೀದಿಯ ಬೇಕರಿಯಲ್ಲಿ ಹಿಟ್ಟು ನಾದಲು ನಿಂತವಳು ಮದುವೆಯಾದ ಮೇಲೂ ಬಿಡಲಿಲ್ಲ, ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆಯಂತೂ ಬಿಡುವ ಪ್ರಶ್ನೆಯೇ ಇರಲಿಲ್ಲ. ಮುಂದೆ ತಾತ್ಕಾಲಿಕ ಕೆಲಸದ ವೀಸಾದ ಮೇಲೆ ಮಗಳು ಜೋವಿಯನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದಳು. ಕರೆಸಿಕೊಂಡವಳು ಪಾಸಿಟಾ ರಬನಾಲ್.

ಪಾಸಿಟಾಳನ್ನು ಊರೆಲ್ಲ ಮನಾಂಗ್ ಪಾಸಿಂಗ್ ಎಂದೇ ಕರೆಯುತ್ತಿತ್ತು. ಮನಾಂಗ್ ಎಂದರೆ ಅಕ್ಕ. ದೊಡ್ಡ ದನಿ, ದೊಡ್ಡ ಕೈ. ಯಾರ ಮನೆಯಲ್ಲಿ ಸಾವಾದರೂ ಮೊದಲು ತಲುಪುತ್ತಿದ್ದುದು ಅವಳ ಬ್ರೆಡ್ಡಿನ ಬುಟ್ಟಿ. ಬೆನಿಲ್ಡಾ ವಿಮಾನದಿಂದ ಇಳಿದ ದಿನ ತಾನೇ ಹೋಗಿ ಕರೆತಂದಳು, ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಇರಿಸಿಕೊಂಡಳು, ಜೋವಿಗೆ ಚರ್ಚಿನಲ್ಲಿ ದೃಢೀಕರಣದ ಸಂಸ್ಕಾರವಾದಾಗ ಭುಜದ ಮೇಲೆ ಕೈಯಿಟ್ಟು ಧರ್ಮತಾಯಿಯಾಗಿ ನಿಂತಳು. ವೀಸಾದ ಅವಧಿ ಮುಗಿಯುವ ಮೊದಲೇ, 'ನನಗೆ ಈ ಬೇಕರ್ ಶಾಶ್ವತವಾಗಿ ಬೇಕು' ಎಂದು ಸರ್ಕಾರಕ್ಕೆ ಬರೆದಳು. ಅದಕ್ಕೆ ಒಪ್ಪಿಗೆಯೂ ಬಂತು. ಕರೋನಾ ಬರುವುದಕ್ಕೆ ಹಿಂದಿನ ಕಾಲ ಅದು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಮ್ಮ ದೇಶದವರ ಸರದಿ ಆಗ ಬೇಗಬೇಗನೆ ಮುಂದೆ ಸರಿಯುತ್ತಿತ್ತು. ತಾಯಿಮಗಳು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಕರೆ ಬರುವುದನ್ನು ಕಾಯುತ್ತ ಕುಳಿತರು.

ಅರ್ಜಿ ಹಾಕಿ ಅರ್ಧ ವರ್ಷ ಕಳೆದಿತ್ತು. ಒಂದು ದಿನ ನಾನು ಬೇಕರಿಯಲ್ಲಿ ಸರದಿಗೆ ನಿಂತಿದ್ದಾಗ ಪಾಸಿಟಾ ಒಳಕೋಣೆಯ ಬಾಗಿಲಿಗೆ ಒರಗಿ, ಹಬ್ಬದ ಸುದ್ದಿ ಹೇಳುವವಳಂತೆ ಹೇಳಿದಳು.

"ಅಡಿಂಗ್, ಇನ್ಮೇಲೆ ನೀನು ಹಿಟ್ಟು ನಾದೋದು ಬೇಡ. ಸಾಕು ಆ ಗಾಣದೆತ್ತಿನ ಕೆಲಸ. ಲಾಸ್ ಏಂಜಲೀಸ್‌ನಿಂದ ಉಂಡೆ ಕಟ್ಟಿ, ಮಂಜುಗಡ್ಡೆ ಥರ ಮಾಡಿ ಕಳಿಸ್ತಾರಂತೆ. ಒಲೇಲಿಟ್ಟು ತೆಗೆದ್ರೆ ಆಯ್ತು. ನಮ್ಮ ಟ್ರಾಂಕ್ವಿಲಿನೊ ಕೂಡ ಮಾಡ್ತಾನೆ!"

ಟ್ರಾಂಕ್ವಿಲಿನೊ ಅವಳ ತಮ್ಮ. ಐವತ್ತು ದಾಟಿದ ಬ್ರಹ್ಮಚಾರಿ, ಬೇಕರಿಯ ವ್ಯಾನು ಓಡಿಸುತ್ತಿದ್ದ. ಅಡಿಂಗ್ ಎಂದರೆ ತಂಗಿ. ಹಾಗೆ ಕರೆಸಿಕೊಂಡ ಬೆನಿಲ್ಡಾ ಕೈ ನಿಲ್ಲಿಸಿದಳು.

"ಮತ್ತೆ ನಾನು, ಮನಾಂಗ್?"

"ನೀನು ಮಹಾರಾಣಿ! ಹೊಸ ಅಂಗಡಿ ತೆಗೀತಿದೀನಲ್ಲ, ಅಲ್ಲಿ ಗಲ್ಲಾದಲ್ಲಿ ಕೂತ್ಕೊ. ಉಗುರಿಗೆ ಬಣ್ಣ ಹಚ್ಕೊ. ಬಂದೋರ್ನ ನೋಡಿ ನಗು. ಅದೊಂದು ಕಲೀಬೇಕು ನೀನು."

"ಅರ್ಜೀಲಿ ಬೇಕರ್ ಅಂತಿದೆ."

"ಅರ್ಜಿ ಪಾಡಿಗೆ ಅರ್ಜಿ. ಅವ್ರೇನು ಬಂದು ನಿನ್ ಕೈ ಮೂಸಿ ನೋಡ್ತಾರಾ?"

ಸರದಿಯಲ್ಲಿದ್ದವರೆಲ್ಲ ನಕ್ಕರು. ಬೆನಿಲ್ಡಾ ನಗಲಿಲ್ಲ. ಉದ್ದಕ್ಕೆ ಹೊಸೆದಿದ್ದ ಹಿಟ್ಟನ್ನು ತುಂಡರಿಸಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ, ಉಬ್ಬಲು ಇಟ್ಟಳು.

ಮರುದಿನ ಮಧ್ಯಾಹ್ನ ಅವಳು ನನ್ನ ಮನೆಗೆ ಬಂದಳು. ಮೂವತ್ತು ವರ್ಷ ಇಲ್ಲಿಯ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಊರಿಗೆಲ್ಲ ನಾನು ಮಾಯೆಸ್ತ್ರಾ, ಅಂದರೆ ಟೀಚರಮ್ಮ. ಸರ್ಕಾರಿ ಕೆಲಸಗಳಿಗೆ ಜೊತೆಗೆ ಹೋಗುವುದು ನನ್ನ ನಿವೃತ್ತಿಯ ಉದ್ಯೋಗವಾಗಿತ್ತು. "ವಕೀಲರ ಹತ್ರ ಬರ್ತೀರಾ?" ಎಂದಳು, ಅಷ್ಟೇ. ಹೋದೆವು.

ವಕೀಲೆ ಚಿಕ್ಕ ವಯಸ್ಸಿನವಳು, ಆದರೆ ಮಾತು ಅಳೆದು ತೂಗಿ ಆಡುವವಳು.

"ನಿಮ್ಮ ಮಾಲೀಕರ ಬೇಡಿಕೆಗೆ ಒಪ್ಪಿಗೆ ಸಿಕ್ಕಿದೆ, ನಿಮ್ಮ ಅರ್ಜಿ ಹಾಕಿ ಆರು ತಿಂಗಳು ದಾಟಿದೆ. ಹಾಗಾಗಿ ನೀವು ಬೇರೆ ಕಡೆ ಕೆಲಸಕ್ಕೆ ಸೇರಬಹುದು. ಆದ್ರೆ ಅದೇ ಕೆಲಸ ಆಗಿರ್ಬೇಕು, ಇಲ್ಲಾ ಅದೇ ಜಾತೀದು. ಹೊಸ ಮಾಲೀಕರು ಹೌದು ಅಂತ ಸಹಿ ಹಾಕ್ಬೇಕು."

"ಮನಾಂಗ್ ಹತ್ರಾನೇ ಇದ್ದು ಗಲ್ಲಾದಲ್ಲಿ ಕೂತ್ರೆ?"

"ಅದು ಬೇಕರ್ ಕೆಲಸ ಅಲ್ವಲ್ಲ. ನಾಳೆ ಅಧಿಕಾರಿ, ಕಾರ್ಡ್ ಬಂದ್ಮೇಲೆ ಅಲ್ಲಿ ಏನು ಕೆಲಸ ಮಾಡ್ತೀರಿ ಅಂತ ಕೇಳ್ತಾರೆ. ಏನಂತೀರಿ?"

ಬೆನಿಲ್ಡಾಳ ಕಿವಿ ಕೆಂಪಾಯಿತು. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸುಳ್ಳಿನ ಯೋಚನೆ ಬಂದರೂ ಕಿವಿ ಮೊದಲು ಸುದ್ದಿ ಕೊಡುತ್ತಿತ್ತು.

"ಹಳೇ ಯಜಮಾನ್ತಿ ಸಿಟ್ಟಾಗಿ ಎಲ್ಲಾ ವಾಪಸ್ ತಗೊಂಡ್ರೆ?" ಎಂದು ನಾನೇ ಕೇಳಿದೆ.

"ಈ ಹಂತದಲ್ಲಿ ತಗೊಂಡ್ರೂ ಇವ್ರ ಅರ್ಜಿ ಬೀಳಲ್ಲ. ಆದ್ರೆ ಮೊದಲ ಕೆಲಸ ನಿಜವಾದ್ದೇ ಆಗಿತ್ತಾ ಅಂತ ಅಧಿಕಾರಿ ಕೆದಕಬಹುದು. ಯಾವ ಅಧಿಕಾರಿ ಹೇಗೆ ನೋಡ್ತಾರೋ, ನಾನು ಮಾತು ಕೊಡೋಕಾಗಲ್ಲ. ಕಾರ್ಡ್ ಬರದೆ ಹೋದ್ರೆ ನಿಮ್ಮಿಬ್ಬರಿಗೂ ಇಲ್ಲಿ ಇರೋಕೆ ಬೇರೆ ಆಧಾರ ಇಲ್ಲ, ಅದು ನೆನಪಿರ್ಲಿ."

ಹಿಂದಿರುಗುವಾಗ ಕಾರು ನಾನೇ ಓಡಿಸುತ್ತಿದ್ದೆ. ಮನೆ ಹತ್ತಿರ ಬಂದಾಗ, "ಡಾನ್ ಎಲಿಸಿಯೊ ಅವರ ಬೇಕರಿ ಮುಂದೆ ಇಳಿಸ್ತೀರಾ?" ಎಂದಳು.

ಎಲಿಸಿಯೊ ಮೆಕ್ಸಿಕೊದವನು; ಡಾನ್ ಎನ್ನುವುದು ಅವರಲ್ಲಿ ಹಿರಿಯರಿಗೆ ಕೊಡುವ ಗೌರವ. ಎರಡು ಬೀದಿ ಆಚೆ ಅವನ ಬೇಕರಿ. ಹಳೆಯ ಬೇಕರ್ ಊರಿಗೆ ಹಿಂದಿರುಗಿದ ಮೇಲೆ ಅವನೇ ಸೊಂಟ ಹಿಡಿದುಕೊಂಡು ಹಿಟ್ಟು ನಾದುತ್ತಿದ್ದ. ಬೆನಿಲ್ಡಾಳಿಗೆ ಅವನ ಭಾಷೆ ಬಾರದು, ಅವನಿಗೆ ಇವಳದು ಬಾರದು. ಆದರೆ ಮುನ್ನೂರು ವರ್ಷ ಸ್ಪೇನಿನವರು ಎರಡೂ ದೇಶಗಳ ತಲೆಯ ಮೇಲೆ ಕುಳಿತಿದ್ದರ ಫಲವಾಗಿ ಹಿಟ್ಟು, ಸಕ್ಕರೆ, ಕೊಬ್ಬು, ಒಲೆ ಇವುಗಳಿಗೆಲ್ಲ ಇಬ್ಬರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ ಹೆಸರು. ಮಿಕ್ಕದ್ದನ್ನು ಹರುಕುಮುರುಕು ಇಂಗ್ಲಿಷಿನಲ್ಲಿ ತುಂಬಿಕೊಂಡರು. ಅವಳು ಏಪ್ರನ್ ಕಟ್ಟಿಕೊಂಡು ಒಂದು ಒಬ್ಬೆ ಹಿಟ್ಟು ನಾದಿ ತೋರಿಸಿದಳು. ಅವನು ಅದನ್ನು ಬೆರಳಿನಿಂದ ಒತ್ತಿ ನೋಡಿ, "ಸೆನ್ಯೋರಾ, ಎಲ್ಲಿ ಸಹಿ ಹಾಕ್ಬೇಕು ಹೇಳಿ. ಯಾವಾಗಿಂದ ಬರ್ತೀರಾ?" ಎಂದನು.

ಕೆಲಸ ಸಿಕ್ಕಿತು. ಕಷ್ಟವಿದ್ದುದು ಪಾಸಿಟಾಳಿಗೆ ಹೇಳುವುದರಲ್ಲಿ.

ನಮ್ಮ ಜನರಲ್ಲಿ ಮುಖಕ್ಕೆ ಮುಖ ಕೊಟ್ಟು 'ಬಿಟ್ಟು ಹೋಗುತ್ತೇನೆ' ಎನ್ನುವ ಪದ್ಧತಿಯೇ ಇಲ್ಲ. ಅದರಲ್ಲೂ ಅನ್ನ ಹಾಕಿದ ಕೈಗೆ, ಮಗಳ ಧರ್ಮತಾಯಿಗೆ! ಅಂಥ ಮಾತಿಗೆಲ್ಲ ಹಿರಿಯರೊಬ್ಬರನ್ನು ಕಳಿಸಬೇಕು. ಹಿರಿಯರು ತಿಂಡಿಯ ತಟ್ಟೆ ಹಿಡಿದು ಹೋಗಿ, ಮೊದಲ ಸಲ ಲೋಕಾಭಿರಾಮ ಮಾತನಾಡಿ ಎದ್ದು ಬರಬೇಕು. ಎರಡನೆಯ ಸಲ ಸುಳಿವು. ಮೂರನೆಯ ಸಲ ವಿಷಯ. ಅಷ್ಟರಲ್ಲಿ ಎದುರಿನವರ ಸಿಟ್ಟು ಅರ್ಧ ಇಳಿದಿರುತ್ತದೆ.

ಈ ವಿದ್ಯೆಯಲ್ಲಿ ನಮ್ಮಲ್ಲಿ ಎತ್ತಿದ ಕೈ ಎಂದರೆ ಮನೋಂಗ್ ಕ್ರಿಸಾಂತೊ. ಮನೋಂಗ್ ಎಂದರೆ ಅಣ್ಣ. ಎಂಬತ್ತು ಮೀರಿದವನು. ಪ್ರಾಯದಲ್ಲಿ ಹೊಲಗಳಲ್ಲಿ ಶತಾವರಿ ಕೊಯ್ದು ಬಾಗಿದ ಬೆನ್ನು, ಬಾಗದ ನಾಲಿಗೆ. ಎಷ್ಟೋ ಮದುವೆ ಮಾಡಿಸಿದ್ದ, ಎಷ್ಟೋ ಜಗಳ ಆರಿಸಿದ್ದ.

"ನೀನೇ ಹೋಗಿ ಹೇಳಿದ್ರೆ ಕಪಾಳಕ್ಕೆ ಹೊಡೆದಂಗೆ ಆಗುತ್ತೆ ಮಗಳೇ," ಎಂದ ಅವನು. "ನನಗೆ ಬಿಡು. ಆದ್ರೆ ಗಂಡಸು ಒಬ್ಬನೇ ಹೋಗೋದು ಚೆನ್ನಾಗಿರಲ್ಲ. ಮಾಯೆಸ್ತ್ರಾನೂ ಬರ್ಲಿ."

ಬೆನಿಲ್ಡಾ ಅಕ್ಕಿಹಿಟ್ಟು, ತೆಂಗಿನ ಹಾಲು ಹಾಕಿ ಬಾಳೆ ಎಲೆಯ ಮೇಲೆ ಬಿಬಿಂಗ್ಕಾ ಎಂಬ ಸಿಹಿತಿಂಡಿ ಮಾಡಿಕೊಟ್ಟಳು. ಕ್ರಿಸಾಂತೊ ತನ್ನ ಕಡೆಯಿಂದ ಊರಿನಿಂದ ತರಿಸಿದ್ದ ಕಬ್ಬಿನ ಮದ್ಯದ ಬಾಟಲಿಯೊಂದನ್ನು ಕಂಕುಳಿಗೆ ಸೇರಿಸಿದ. ಇಬ್ಬರೂ ಹೋದೆವು. ಚಳಿಗಾಲದ ಮಂಜು ದಟ್ಟವಾಗಿದ್ದ ಸಂಜೆ. ಬಾಗಿಲು ತೆರೆದವನು ಟ್ರಾಂಕ್ವಿಲಿನೊ.

ಕ್ರಿಸಾಂತೊ ಪದ್ಧತಿಯನ್ನು ಕೂದಲೆಳೆಯಷ್ಟೂ ತಪ್ಪಿಸಲಿಲ್ಲ. ಮಂಜಿನ ಬಗ್ಗೆ ಮಾತನಾಡಿದ. ಮಂಡಿನೋವಿನ ಬಗ್ಗೆ ಮಾತನಾಡಿದ. ಎದುರಿಗೆ ಕುಳಿತಿದ್ದನೆಂಬ ಮರ್ಯಾದೆಗೆ ಟ್ರಾಂಕ್ವಿಲಿನೊನನ್ನು, "ಆರೋಗ್ಯ ಹೇಗಿದೆಯಪ್ಪಾ? ವ್ಯಾನು ಸಾಲ ತೀರ್ತಾ? ಸಿಟಿಜನ್ ಆಗಿ ಎಷ್ಟು ವರ್ಷ ಆಯ್ತು?" ಎಂದು ವಿಚಾರಿಸಿಕೊಂಡ. ತಟ್ಟೆಯ ಮೇಲಿನ ಬಟ್ಟೆ ತೆಗೆದು, "ಬೆನಿಲ್ಡಾ ಮಾಡಿದ್ದು. ಎಂಥ ಕೈ ಅವಳದು!" ಎಂದ. ಬಾಟಲಿಯನ್ನು ಮೇಜಿನ ನಡುವೆ ಇಟ್ಟ.

ಪಾಸಿಟಾ ಬಾಟಲಿಯನ್ನು ನೋಡಿದಳು. ಅವನನ್ನು, ನನ್ನನ್ನು, ಕೊನೆಗೆ ತಮ್ಮನನ್ನು ನೋಡಿದಳು. ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣು ತುಂಬಿದವು.

ಹೊರಗೆ ಬಂದೊಡನೆ ಕ್ರಿಸಾಂತೊ ಕೋಲನ್ನು ನೆಲಕ್ಕೆ ಕುಟ್ಟಿ, "ನೋಡಿದ್ರಾ ಮಾಯೆಸ್ತ್ರಾ? ಒಂದು ಮಾತೂ ಆಡ್ಲಿಲ್ಲ, ಎಲ್ಲಾ ಅರ್ಥ ಆಗೋಯ್ತು. ಕಣ್ಣೀರು ಬಂತು, ಆದ್ರೆ ಸಿಟ್ಟು ಬರ್ಲಿಲ್ಲ. ಎರಡನೇ ಸಲ ಹೋಗೋದೇ ಬೇಡ," ಎಂದ.

ಅದನ್ನು ನಂಬಿ ಬೆನಿಲ್ಡಾ ಎಲಿಸಿಯೊನಿಗೆ ಸೋಮವಾರದಿಂದ ಬರುತ್ತೇನೆಂದು ಮಾತು ಕೊಟ್ಟಳು.

ಶನಿವಾರ ಬೆಳಿಗ್ಗೆ ಬೇಕರಿ ತುಂಬಿತ್ತು. ನಾನೂ ಚೀಲ ಹಿಡಿದು ನಿಂತಿದ್ದೆ. ವ್ಯಾನಿನಿಂದ ಇಳಿದು ಬಂದ ಟ್ರಾಂಕ್ವಿಲಿನೊನನ್ನು ನಾನು ಮೊದಲು ಗುರುತಿಸಲೇ ಇಲ್ಲ. ಕೂದಲಿಗೆ ಕತ್ತರಿ ಬಿದ್ದಿತ್ತು, ಕಪ್ಪು ಬಣ್ಣವೂ ಬಿದ್ದಿತ್ತು. ಮಡಿಕೆ ಇನ್ನೂ ಮುರಿಯದ ಹೊಸ ಅಂಗಿ. ಹಿಂದೆಯೇ ಪಾಸಿಟಾ ಬಂದು, ಹಿಟ್ಟಿನ ಕೈಯಲ್ಲಿದ್ದ ಬೆನಿಲ್ಡಾಳನ್ನು ಹಾಗೆಯೇ ಅಪ್ಪಿಕೊಂಡಳು.

"ನಮ್ಮನೆ ತುಂಬೋಕೆ ಬರ್ತಿದೀಯಲ್ಲೇ! ಇಷ್ಟು ದಿನ ಮನಸಲ್ಲೇ ಇಟ್ಕೊಂಡಿದ್ಯಾ ಕಳ್ಳಿ? ಈಸ್ಟರ್ ಆದ್ಮೇಲೆ ಮದುವೆ ಇಟ್ಕೊಳ್ಳೋಣ."

"ಯಾರ ಮದುವೆ ಮನಾಂಗ್?"

"ನಾಚ್ಕೋಬೇಡ. ನಮ್ಮೂರಲ್ಲಿ ಗಂಡಿನ ಕಡೆಯೋರು ಹಿರಿಯರನ್ನ ಕಳಿಸ್ತಿದ್ರು, ಬಾಟ್ಲಿ ತರ್ತಿದ್ರು. ಅಮೆರಿಕಾದಲ್ಲಿ ಹೆಣ್ಣಿನ ಕಡೆಯೋರೇ ಬಂದ್ರೆ ನಾನ್ಯಾಕೆ ಬೇಡ ಅನ್ಲಿ? ಇಲ್ಲಿ ಎಲ್ಲಾ ತಲೆಕೆಳಗು ತಾನೆ!"

ಆಗ ನನಗೆ ಹೊಳೆಯಿತು. ಒಬ್ಬ ಹಿರಿಯ, ಒಬ್ಬಳು ಹಿರಿಯಳು, ಹೆಣ್ಣಿನ ಕೈಯ ಸಿಹಿ, ನಡುವೆ ಒಂದು ಬಾಟಲಿ, ವಿಷಯ ಎತ್ತದ ಮಾತು, ಬ್ರಹ್ಮಚಾರಿಯ ಆರೋಗ್ಯ ವಿಚಾರಣೆ. ನಮ್ಮಲ್ಲಿ ಹೆಣ್ಣು ಕೇಳುವ ಮೊದಲ ಭೇಟಿ ಇರುವುದೇ ಹೀಗೆ. ಪದ್ಧತಿ ತಪ್ಪಬಾರದೆಂದು ಮಾಡಿದ ಕೆಲಸ ಇನ್ನೊಂದು ಪದ್ಧತಿಯ ಬಾಗಿಲು ತಟ್ಟಿ ಬಂದಿತ್ತು.

ಸರದಿಯಲ್ಲಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಪಾಸಿಟಾ ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಂತೆ, ಮುಂದುವರಿಸಿದಳು.

"ಇವನು ಸಿಟಿಜನ್. ಮದುವೆ ಆದ್ರೆ ಕಾರ್ಡ್ ಹುಡುಕ್ಕೊಂಡು ಬರುತ್ತೆ. ಬೇಕರ್ರೋ ಗಲ್ಲಾನೋ ಯಾರ್ ಕೇಳ್ತಾರೆ? ಜೋವಿಗೂ ಒಬ್ಬ ಅಪ್ಪ ಸಿಗ್ತಾನೆ. ದೇವರು ಎಲ್ಲಾ ಗಂಟೂ ಒಂದೇ ಸಲ ಬಿಚ್ಚಿದ ನೋಡು!"

ಅದು ಸಣ್ಣ ಮಾತಾಗಿರಲಿಲ್ಲ. ಟ್ರಾಂಕ್ವಿಲಿನೊ ಕುಡಿಯದ, ಬೈಯದ ಸಾಧು ಮನುಷ್ಯ. ಹೂಂ ಎಂದರೆ ಸಾಕು, ತಾಯಿಮಗಳ ಭಯವೆಲ್ಲ ಆ ಗಳಿಗೆಯಲ್ಲೇ ಮುಗಿಯುತ್ತಿತ್ತು. ಬೆನಿಲ್ಡಾ ತೊಟ್ಟಿಯ ಬಳಿಗೆ ಹೋಗಿ ಕೈ ತೊಳೆದಳು. ಬೆರಳು ಬೆರಳು ಒರೆಸಿಕೊಂಡಳು. ತಿರುಗಿ ಬಂದು ಮೊದಲು ಟ್ರಾಂಕ್ವಿಲಿನೊನ ಮುಂದೆ ನಿಂತಳು.

"ಮನೋಂಗ್, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ಅವ್ರು ಬಂದಿದ್ದು ಮದುವೆ ಮಾತಿಗಲ್ಲ. ತಪ್ಪು ನಮ್ದು, ನಿಮ್ದಲ್ಲ. ಎಲ್ಲರ ಮುಂದೆ ಹೀಗಾಯ್ತು, ಕ್ಷಮಿಸಿ."

ಅವನು ಕೂದಲು ಕತ್ತರಿಸಿದ ತಲೆಯ ಮೇಲೆ ಕೈಯಾಡಿಸಿಕೊಂಡ. "ಪರವಾಗಿಲ್ಲ ಬಿಡು. ಹೇಗಿದ್ರೂ ಕಟಿಂಗ್ ಮಾಡಿಸ್ಬೇಕಾಗಿತ್ತು," ಎಂದು ವ್ಯಾನಿನ ಕಡೆಗೆ ಹೊರಟುಹೋದ. ಆ ದಿನ ಅಲ್ಲಿದ್ದವರಲ್ಲಿ ಅವನಷ್ಟು ಘನತೆಯಿಂದ ನಡೆದುಕೊಂಡವರು ಇನ್ನೊಬ್ಬರಿಲ್ಲ.

"ಮತ್ಯಾಕೆ ಬಂದ್ರು ಅವ್ರು?" ಪಾಸಿಟಾ ಕೇಳಿದಳು.

"ಸೋಮವಾರದಿಂದ ನಾನು ಡಾನ್ ಎಲಿಸಿಯೊ ಹತ್ರ ಕೆಲಸಕ್ಕೆ ಹೋಗ್ತೀನಿ ಮನಾಂಗ್. ಅದನ್ನ ಹೇಳೋಕೆ ಕಳಿಸಿದ್ದೆ. ನಾನೇ ಬಂದು ಹೇಳ್ಬೇಕಾಗಿತ್ತು. ಈಗ ಹೇಳ್ತಿದೀನಿ."

ಸರದಿಯಲ್ಲಿದ್ದವರು ಗಲ್ಲಾದ ಹತ್ತಿರಕ್ಕೆ ಸರಿದರು.

"ಆ ಮೆಕ್ಸಿಕನ್ ಹತ್ರ?" ಪಾಸಿಟಾಳ ದೊಡ್ಡ ದನಿ ಒಡೆಯಿತು. "ವಿಮಾನದಿಂದ ನಿನ್ನ ಇಳಿಸ್ಕೊಂಡು ಬಂದೋಳು ಯಾರೇ?"

"ನೀವು."

"ನಿನ್ ಮಗಳ ಹೆಗಲ ಮೇಲೆ ಕೈಯಿಟ್ಟು ದೇವರ ಮುಂದೆ ನಿಂತೋಳು ಯಾರು?"

"ನೀವೇ ಮನಾಂಗ್."

"ಉಂಡ ಮನೆಗೆ ಎರಡು ಬಗೀತೀಯಾ? ನಾಳೆನೇ ಹೋಗಿ ನಾನು ಬರೆದುಕೊಟ್ಟಿದ್ದೆಲ್ಲಾ ವಾಪಸ್ ತಗೋತೀನಿ. ಆಮೇಲೆ ಎಲ್ಲಿ ಹೋಗ್ತೀಯೋ ನೋಡ್ತೀನಿ!"

ತಗೊಂಡರೂ ಅರ್ಜಿ ಬೀಳುವುದಿಲ್ಲವೆಂದು ವಕೀಲೆ ಹೇಳಿದ್ದನ್ನು ನಾನೂ ಕೇಳಿದ್ದೆ, ಬೆನಿಲ್ಡಾಳೂ ಕೇಳಿದ್ದಳು. ಆ ಮಾತನ್ನು ಎತ್ತಿ ಪಾಸಿಟಾಳ ಬಾಯಿ ಮುಚ್ಚಿಸಬಹುದಾಗಿತ್ತು. ಅವಳು ಎತ್ತಲಿಲ್ಲ.

"ತಗೊಳ್ಳಿ ಮನಾಂಗ್. ಕೊಟ್ಟೋರು ನೀವು, ನಿಮಗೆ ಹಕ್ಕಿದೆ. ಆದ್ರೂ ಸೋಮವಾರ ನಾನು ಅಲ್ಲಿರ್ತೀನಿ. ಗಲ್ಲಾದಲ್ಲಿ ಕೂತು ಬೇಕರ್ ಅಂದ್ರೆ ಸುಳ್ಳು. ಕಾರ್ಡಿಗೋಸ್ಕರ ನಿಮ್ಮ ತಮ್ಮನಿಗೆ ಉಂಗುರ ಹಾಕಿದ್ರೆ ಅದೂ ಸುಳ್ಳು. ಒಂದು ಸುಳ್ಳನ್ನ ಸಾಯೋವರೆಗೂ ಕಾಯ್ಕೊಂಡು ಕೂರೋಕೆ ನನ್ ಕೈಲಿ ಆಗಲ್ಲ. ನಂಗೆ ಹಿಟ್ಟು ನಾದೋಕೆ ಬರುತ್ತೆ. ಅದನ್ನ ಮಾಡ್ಕೊಂಡೇ ಇರ್ತೀನಿ, ಇಲ್ಲಾಂದ್ರೆ ಊರಿಗೆ ಹೋಗ್ತೀನಿ."

ಬೆನಿಲ್ಡಾಳ ಬಾಯಿಂದ ಒಮ್ಮೆಗೇ ಅಷ್ಟು ಮಾತು ಬಂದುದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಮಾತು ಮುಗಿಸಿ ಒಲೆಯ ಬಾಗಿಲು ತೆರೆದು, ಹದವಾಗಿ ಕೆಂಪಾಗಿದ್ದ ತಟ್ಟೆಗಳನ್ನು ಹೊರಗೆಳೆದಳು. ಆ ದಿನದ ಕೆಲಸವನ್ನು ಪೂರ್ತಿ ಮಾಡಿ, ಮೇಜು ಉಜ್ಜಿ, ಏಪ್ರನ್ ಒಗೆದು ಹರವಿ ಹೋದಳು.

ಹಿಂದಿನ ಕೋಣೆಯನ್ನು ಅವರು ಆ ವಾರವೇ ಖಾಲಿ ಮಾಡಿ ನನ್ನ ಬೀದಿಯಲ್ಲಿ ಒಂದು ಚಿಕ್ಕ ಬಿಡಾರ ಹಿಡಿದರು. ಊರು ಸುಮ್ಮನಿರಲಿಲ್ಲ. "ಆ ಮೆಕ್ಸಿಕನ್ ಬೇಕರಿ ಬೆನಿಲ್ಡಾ" ಎಂದು ಹೊಸ ಹೆಸರಿಟ್ಟಿತು. ಮಾಲೀಕರನ್ನು ಬಿಟ್ಟವರ ಅರ್ಜಿ ಕಸದ ಬುಟ್ಟಿಗೇ ಹೋಗುವುದೆಂದು, ಇಂಥವರ ಸೋದರತ್ತೆಗೆ ಹಾಗೆಯೇ ಆಯಿತೆಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳುವವರಿದ್ದರು. ಕ್ರಿಸಾಂತೊ ಮಾತ್ರ ಕೆಲವು ವಾರ ಯಾರ ಮನೆಗೂ ಹೋಗಲಿಲ್ಲ. "ಬಾಟ್ಲಿ ನಾನಿಟ್ಟಿದ್ದು ಹೆಚ್ಚಾಯ್ತು ಮಾಯೆಸ್ತ್ರಾ. ಬರೀ ಬಿಬಿಂಗ್ಕಾ ಒಯ್ದಿದ್ರೆ ಸಾಕಿತ್ತು," ಎಂದು ಸಿಕ್ಕಿದಾಗಲೆಲ್ಲ ಹಲುಬುತ್ತಿದ್ದ.

ಬೆನಿಲ್ಡಾ ತನ್ನ ಕೆಲಸಕ್ಕೆ ಹೋಗಿಬರುತ್ತಿದ್ದಳು. ಎಲಿಸಿಯೊನ ಒಲೆ ಹಳೆಯದು, ಒಂದು ಮೂಲೆಯಲ್ಲಿ ಹೆಚ್ಚು ಕಾಯುತ್ತಿತ್ತು. ಅದರ ಸ್ವಭಾವ ಕಲಿತುಕೊಂಡಳು. ಮೇಲೆ ಸಕ್ಕರೆಯ ಚಿಪ್ಪು ಕೂರಿಸುವ ಅವರ ಬನ್ನು ಮೊದಮೊದಲು ಒಡೆದುಹೋಗುತ್ತಿತ್ತು. "ಸೆನ್ಯೋರಾ, ಇದು ಚಿಪ್ಪಲ್ಲ, ಭೂಕಂಪ," ಎಂದು ಎಲಿಸಿಯೊ ನಗುತ್ತಿದ್ದ. ಅವಳು ಬಿಡದೆ ಮಾಡಿ ಮಾಡಿ ಅದನ್ನೂ ಕೈಗೆ ತಂದುಕೊಂಡಳು.

ಚರ್ಚಿನಲ್ಲಿ ಪಾಸಿಟಾ ಕುಳಿತುಕೊಳ್ಳುವ ಬೆಂಚು ಬದಲಿಸಿದಳು. ಮೊದಲ ಭಾನುವಾರ ಜೋವಿ ತಾಯಿಯ ತೋಳು ಜಗ್ಗಿದ್ದು ನನಗೆ ನೆನಪಿದೆ. ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಳ್ಳುವುದು ನಮ್ಮ ಮಕ್ಕಳ ನಮಸ್ಕಾರ.

"ಅಮ್ಮಾ, ಧರ್ಮತಾಯಿ ಹತ್ರ ಹೋಗ್ಲಾ ಬೇಡ್ವಾ?"

"ಹೋಗು. ಜಗಳ ನಂದು, ನಿಂದಲ್ಲ."

ಹುಡುಗಿ ಹೋದಳು. ಪಾಸಿಟಾ ಮುಖವನ್ನು ಪೂಜಾವೇದಿಕೆಯ ಕಡೆಗೇ ಇಟ್ಟುಕೊಂಡಿದ್ದಳು, ಕೈಯನ್ನು ಮಾತ್ರ ಮುಂದೆ ಚಾಚಿದಳು. ಪ್ರತಿ ಭಾನುವಾರವೂ ಹೀಗೆಯೇ ನಡೆಯಿತು. ಬೆನಿಲ್ಡಾಳ ಕಡೆಗೆ ಒಂದು ನೋಟವಿಲ್ಲ.

ಬೇಸಿಗೆಯಲ್ಲಿ ಸಂದರ್ಶನಕ್ಕೆ ಕರೆ ಬಂತು. ಸ್ಯಾಕ್ರಮೆಂಟೊದ ಕಚೇರಿಗೆ ನಾನೇ ಕಾರು ಓಡಿಸಿಕೊಂಡು ಹೋದೆ. ತಾಯಿ, ಮಗಳು, ವಕೀಲೆ ಒಳಗೆ ಹೋದರು. ನಾನು ಹೊರಗೆ ಜಪಮಾಲೆ ಎಣಿಸುತ್ತ ಕುಳಿತೆ. ಒಳಗೆ ನಡೆದುದನ್ನು ಆಮೇಲೆ ಜೋವಿ ಹೇಳಿದಳು.

ಅಧಿಕಾರಿ ನಡುವಯಸ್ಸಿನ ಗಂಡಸು, ಸಭ್ಯ, ಆದರೆ ನಗದವನು. ಹೆಸರು, ಹುಟ್ಟು, ವಿಳಾಸ ಎಲ್ಲ ಮುಗಿದ ಮೇಲೆ ಕೇಳಿದನಂತೆ:

"ರಬನಾಲ್ ಬೇಕರಿಯವರು ನಿಮ್ಮ ಪರವಾಗಿ ಬರೆದಿದ್ರು. ಈಗ ಅಲ್ಲಿ ಕೆಲಸ ಮಾಡ್ತಿಲ್ಲ. ಯಾಕೆ ಬಿಟ್ರಿ?"

"ಅಲ್ಲಿ ಹಿಟ್ಟು ನಾದೋದು ನಿಲ್ಲಿಸಿದ್ರು. ಬೇರೆ ಕೆಲಸ ಕೊಡ್ತೀನಿ ಅಂದ್ರು. ನಾನು ಬೇಕರ್."

"ಅವ್ರಿಗೆ ನಿಜವಾಗ್ಲೂ ಬೇಕರ್ ಬೇಕಾಗಿತ್ತಾ? ಇಲ್ಲಾ ನಮ್ಮೂರಿನೋಳು, ಇಲ್ಲಿ ಉಳ್ಕೊಳ್ಲಿ ಅಂತ ಬರ್ಕೊಟ್ರಾ?"

ವಕೀಲೆ ಭಯಪಟ್ಟಿದ್ದ ಪ್ರಶ್ನೆ ಇದೇ. ಬೆನಿಲ್ಡಾ ತಡವರಿಸಲಿಲ್ಲವಂತೆ.

"ಬೇಕಾಗಿತ್ತು. ಬರೆದಾಗ ಅಲ್ಲಿ ದಿನಾ ಬೆಳಿಗ್ಗೆ ನಾನು ನಾದಿದ್ದು ಬಿಟ್ರೆ ಮಾರೋಕೆ ಬೇರೆ ಬನ್ನೇ ಇರ್ಲಿಲ್ಲ. ಅವ್ರು ನಂಗೆ ಒಂದು ದಿನಾನೂ ಮೋಸ ಮಾಡಿಲ್ಲ, ನಿಮಗೂ ಮಾಡಿಲ್ಲ. ಆಮೇಲೆ ಕಾಲ ಬದಲಾಯ್ತು, ಅವ್ರು ಮಂಜುಗಡ್ಡೆ ಹಿಟ್ಟು ತರಿಸಿದ್ರು. ಅದು ಅವ್ರ ವ್ಯಾಪಾರ."

ಅಧಿಕಾರಿ ಹಾಳೆಗಳನ್ನು ಹಿಂದೆಮುಂದೆ ಮಗುಚಿ, "ಸರಿ. ಅವ್ರೂ ಏನನ್ನೂ ವಾಪಸ್ ತಗೊಂಡಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿ, ತೀರ್ಮಾನ ಅಂಚೆಯಲ್ಲಿ ಬರುತ್ತದೆಂದು ಕಳಿಸಿಕೊಟ್ಟನು.

ಹೊರಗೆ ಬಂದ ಬೆನಿಲ್ಡಾ ನನ್ನ ಪಕ್ಕದಲ್ಲಿ ಕುಳಿತಳು. ಏನಾಯಿತೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಕೊನೆಗೆ ಅವಳೇ, "ಮನಾಂಗ್ ವಾಪಸ್ ತಗೊಂಡಿಲ್ವಂತೆ," ಎಂದಳು. ಅರ್ಜಿ ಏನಾಗುವುದೋ ಎಂಬ ಮಾತೇ ಅವಳ ಬಾಯಲ್ಲಿ ಬರಲಿಲ್ಲ. ಮಧ್ಯಾಹ್ನ ಎಲಿಸಿಯೊನ ಅಂಗಡಿಯ ಮುಂದೆ ಇಳಿದು, ಸಂಜೆಯ ಹಿಟ್ಟಿಗೆ ಹೋದಳು.

ಕಾರ್ಡುಗಳು ಕೆಲವು ವಾರಗಳ ಮೇಲೆ ಬಂದವು, ತಾಯಿಯದೂ ಮಗಳದೂ. ಅಂಚೆಯ ಲಕೋಟೆ ಕೈಗೆ ಬಂದಾಗ ಜೋವಿ ಬೀದಿಯುದ್ದಕ್ಕೂ ಕೂಗಿಕೊಂಡು ಓಡಿದಳು. ಬೆನಿಲ್ಡಾ ತನ್ನ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, "ಮಾಯೆಸ್ತ್ರಾ, ರಬನಾಲ್ ಬೇಕರಿಗೆ ಹೋಗ್ಬೇಕು," ಎಂದಳು.

"ತಿಂಡಿ ಏನಾದ್ರೂ ಮಾಡ್ಕೊಂಡು ಹೋಗಲ್ವಾ?" ಎಂದೆ, ಅಭ್ಯಾಸಬಲದಿಂದ.

"ಬೇಡ. ಇನ್ನೇನಾದ್ರೂ ಅಂದ್ಕೊಂಡಾರು."

ಪಾಸಿಟಾ ಗಲ್ಲಾದಲ್ಲಿ ಒಬ್ಬಳೇ ಇದ್ದಳು. ಒಳಗೆ, ಬೆನಿಲ್ಡಾ ನಿಲ್ಲುತ್ತಿದ್ದ ಜಾಗದಲ್ಲಿ, ಎದೆಯೆತ್ತರದ ಫ್ರೀಜರೊಂದು ಗುಂಯ್‌ಗುಡುತ್ತಿತ್ತು. ಬೆನಿಲ್ಡಾ ಕರವಸ್ತ್ರ ಬಿಚ್ಚಿ ಕಾರ್ಡನ್ನು ಅವಳ ಮುಂದಿಟ್ಟಳು.

"ಮೊದಲು ನಿಮಗೆ ತೋರಿಸ್ಬೇಕು ಅಂತ ಬಂದೆ ಮನಾಂಗ್."

ಪಾಸಿಟಾ ಕನ್ನಡಕ ಹುಡುಕಿ ಹಾಕಿಕೊಂಡಳು. ಕಾರ್ಡನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಏನೇ ಇದು ಫೋಟೋ? ಕೋಳಿ ಕದ್ದು ಸಿಕ್ಕಿಬಿದ್ದೋಳ ಥರ ಇದೀಯ."

"ನಗಬೇಡಿ ಅಂದ್ರು ಅಲ್ಲಿ."

"ನಗು ಅಂದಿದ್ರೂ ನೀನು ನಗ್ತಿರ್ಲಿಲ್ಲ ಬಿಡು." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. "ಆದ್ರೂ ನೀನು ಹೋದೆ," ಎಂದಳು.

"ಹೂಂ, ಹೋದೆ."

"ಈಗ ಕಾರ್ಡ್ ಬಂತಲ್ಲ. ಇನ್ನು ಯಾರ ಹತ್ರ ಬೇಕಾದ್ರೂ, ಯಾವ ಕೆಲಸ ಬೇಕಾದ್ರೂ ಮಾಡ್ಬಹುದು. ವಾಪಸ್ ಬಂದ್ಬಿಡು."

"ಇಲ್ಲಿ ನಾದೋ ಕೆಲಸ ಇದೆಯಾ ಮನಾಂಗ್?"

ಪಾಸಿಟಾ ಹಿಂದೆ ತಿರುಗಿ ಫ್ರೀಜರನ್ನು ನೋಡಿದಳು. ಅವಳೂ ಸುಳ್ಳು ಹೇಳಲಿಲ್ಲ.

"ಇಲ್ಲ."

"ಹಾಗಾದ್ರೆ ಅಲ್ಲೇ ಇರ್ತೀನಿ."

"ಮೊಂಡಿ! ಹುಟ್ಟಿದಾಗಿಂದ ಮೊಂಡಿ ನೀನು," ಎಂದು ಪಾಸಿಟಾ ಕಾರ್ಡನ್ನು ಕರವಸ್ತ್ರದಲ್ಲಿ ತಾನೇ ಮಡಿಸಿ ಕೈಗೆ ಕೊಟ್ಟಳು. "ಭಾನುವಾರ ಜೋವಿನ ಊಟಕ್ಕೆ ಕಳಿಸು. ಬೇಕಾದ್ರೆ ನೀನೂ ಬಾ."

"ನನ್ ಕೆಲಸ ಎರಡು ಗಂಟೆಗೆ ಮುಗಿಯುತ್ತೆ."

"ಹಾಗಾದ್ರೆ ಎರಡೂವರೆಗೆ ಅನ್ನ ಇಡ್ತೀನಿ," ಎಂದಳು ಪಾಸಿಟಾ.